ಮಲೇರಿಯಾ ಮೇಡಂ ತೋರಿಸಿದ ಸಿಪಾಯಿ

ಕಳೆದ ತಿಂಗಳು ನಮ್ಮ ಶಾಲೆಯ ವಿಜ್ಞಾನದ ಬೀರು ಖಾಲಿ ಮಾಡುವ ಕೆಲಸ ನನ್ನ ತಲೆಗೆ ಬಂತು. ನಾನು ಪಾಠ ಮಾಡುವುದು ಕನ್ನಡ. ನನಗೂ ಆ ಬೀರುವಿಗೂ ಏನು ನಂಟು? ಆದರೆ ನಮ್ಮ ಹೆಡ್‌ಮಾಸ್ಟರ ಪ್ರಕಾರ ಯಾರಿಗೆ ಪೀರಿಯಡ್ ಇಲ್ಲವೋ ಅವರೇ ಆ ಹೊತ್ತಿನ ವಿಜ್ಞಾನಿ. ಬಿರುಕು ಬಿಟ್ಟ ಬೀಕರುಗಳ ಹಿಂದೆ ಒಂದು ಗಾಜಿನ ಸ್ಪಿರಿಟ್ ದೀಪ ಸಿಕ್ಕಿತು. ತಳದಲ್ಲಿ ಇನ್ನೂ ಒಂದಿಷ್ಟು ಸ್ಪಿರಿಟ್ ಇತ್ತು. ಉರಿಯುತ್ತೋ ಇಲ್ಲವೋ ನೋಡೋಣ ಎಂದು ಕಡ್ಡಿ ಗೀರಿದೆ. ನೀಲಿ ಉರಿ ಎದ್ದಿತು, ಜೊತೆಗೆ ಆ ವಾಸನೆ... ಕೈಯಲ್ಲಿದ್ದ ಸಾಮಾನಿನ ಪಟ್ಟಿ ಹಾಗೇ ಬಿಟ್ಟು ಕೂತುಬಿಟ್ಟೆ. ಚಿಕ್ಕಬಳ್ಳಾಪುರದ ಶಾಲೆಯಿಂದ ಎದ್ದು ಶಿಡ್ಲಘಟ್ಟದ ನಮ್ಮ ಹಳೆಯ ಬೀದಿಗೆ ಹೋಗಿ ನಿಂತಂತಾಯಿತು.

ಆ ಬೀದಿಯಲ್ಲಿ ಸದಾ ರೇಷ್ಮೆಗೂಡು ಬೇಯುವ ವಾಸನೆ. ನಮ್ಮ ಬಾಡಿಗೆ ಮನೆಯ ಪಕ್ಕದ ಮನೆಯೊಂದಕ್ಕೆ ಮಾತ್ರ ಅದರದೇ ಬೇರೆ ವಾಸನೆಯಿತ್ತು. ಅದು ಮೇಡಂ ಅವರ ಲ್ಯಾಬು. ಸರ್ಕಾರಿ ಕೆಲಸದಲ್ಲಿದ್ದಾಗ ಊರೂರು ಅಲೆದು ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಚೂರಿನ ಮೇಲೆ ರಕ್ತ ಸವರಿ, ಮಲೇರಿಯಾ ಹುಳ ಇದೆಯೋ ಇಲ್ಲವೋ ಎಂದು ನೋಡುವುದೇ ಅವರ ಕಸುಬು. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಅವರು ಬೆರಳು ಚುಚ್ಚದ ಊರಿಲ್ಲ ಎನ್ನುತ್ತಿದ್ದರು. ರಿಟೈರಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೈಕ್ರೋಸ್ಕೋಪು ಇಟ್ಟುಕೊಂಡು ಕೂತರು. ಹೆಸರು ಇತ್ತು, ಬೋರ್ಡಿನ ಮೇಲೂ ಬರೆಸಿದ್ದರು. ಆದರೆ ಊರಿಗೆಲ್ಲ ಅವರು ‘ಮಲೇರಿಯಾ ಮೇಡಂ’. ಬೆರಳ ತುದಿಗಳು ಸದಾ ನೇರಳೆ, ಸ್ಲೈಡಿಗೆ ಹಾಕುವ ಬಣ್ಣದಿಂದ. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಚಾಚಿದವರ ಉಗುರು ನೋಡಿ, “ರಕ್ತ ಕಮ್ಮಿ ಐತೆ ಕಣೇ ನಿಂಗೆ, ನುಗ್ಗೆಸೊಪ್ಪು ತಿನ್ನು” ಎಂದು ಅಲ್ಲೇ ರಿಪೋರ್ಟು ಕೊಡುವ ಹೆಂಗಸು. ನನಗೆ ಅವರನ್ನು ಕಂಡರೆ ಪ್ರೀತಿಗಿಂತ ಹೆದರಿಕೆಯೇ ಹೆಚ್ಚಿತ್ತು.

ಮದುವೆಯಾದ ಮೂರನೇ ವರ್ಷ ನನಗೆ ಕಾಯಿಲೆ ಶುರುವಾಯಿತು. ಬೆಳಗ್ಗೆ ಎದ್ದರೆ ಬೆರಳು ಮಡಿಸಲಾಗದು. ಸಂಜೆಯಾದರೆ ಸಣ್ಣ ಜ್ವರ. ಬಿಸಿಲಿಗೆ ಹೋಗಿ ಬಂದರೆ ಎರಡು ಕೆನ್ನೆಯೂ ಮೂಗಿನ ಮೇಲಿಂದ ಕೂಡಿಕೊಂಡು ಕೆಂಪಾಗುತ್ತಿದ್ದವು. ಅದರ ನಡುವೆ ಮೂರು ತಿಂಗಳಿಗೇ ಒಂದು ಬಸಿರು ಹೋಯಿತು. ಅತ್ತೆಯ ಮನೆ ಸಾದಲಿ ಕಡೆಯ ಹಳ್ಳಿ, ಅಲ್ಲಿ ರೇಷ್ಮೆ ಹುಳು ಸಾಕಣೆ. ಹುಳು ಮನೆಯೊಳಗೆ ಮೈಲಿಗೆ, ಕಾಯಿಲೆ ಯಾವುದೂ ಕಾಲಿಡಬಾರದು. ನನ್ನ ಮುಖ ನೋಡಿ ಅತ್ತೆ, “ನೀನು ಒಳಕ್ಕೆ ಬರಬೇಡ ತಲ್ಲೀ, ಹುಳುಗೆ ತಗಲ್ತದೆ” ಎಂದು ಬಾಗಿಲಲ್ಲೇ ನಿಲ್ಲಿಸಿದರು. ಸೊಪ್ಪು ಹೆಚ್ಚುವುದಕ್ಕೂ ಬೇಡವಾದೆನಲ್ಲ ಎಂದು ಅವತ್ತು ಅತ್ತಿದ್ದೆ.

ಮಲೇರಿಯಾ ಮೇಡಂ ನನ್ನ ರಕ್ತವನ್ನು ಮೂರು ಸಲ ನೋಡಿದರು. ಮೂರು ಸಲವೂ ಏನೂ ಇಲ್ಲ. ಆಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಸಿಕ್ಕಿತು: ಲೂಪಸ್. ಮೈ ಕಾಯಬೇಕಾದ ಬಿಳಿ ರಕ್ತಕಣಗಳೇ ಮೈಯ ಮೇಲೆ ತಿರುಗಿ ಬೀಳುವ ಕಾಯಿಲೆ ಎಂದರು ಡಾಕ್ಟರು. ಒಂದು ಮಾತ್ರೆ ಬರೆದು, ಇದನ್ನು ಬಹಳ ವರ್ಷ ತಿನ್ನಬೇಕು, ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು, ಬಸಿರಾದರೆ ತಕ್ಷಣ ಬರಬೇಕು, ಆದರೆ ಇದನ್ನು ಮಾತ್ರ ನಿಲ್ಲಿಸಬಾರದು ಎಂದು ಎರಡೆರಡು ಸಲ ಹೇಳಿದರು.

ಊರಿಗೆ ಬಂದು ಮೆಡಿಕಲ್ ಶಾಪಿನಲ್ಲಿ ಚೀಟಿ ಕೊಟ್ಟರೆ ಅಂಗಡಿಯವನು, “ಇದು ಮಲೇರಿಯಾ ಮಾತ್ರೆ ಅಲ್ವಾ ಟೀಚರ್?” ಎಂದ. ನನ್ನ ಆರೈಕೆಗೆಂದು ನಮ್ಮ ಮನೆಗೆ ಬಂದು ಉಳಿದಿದ್ದ ಅತ್ತೆ ಪಕ್ಕದಲ್ಲೇ ನಿಂತಿದ್ದರು, ಅವರ ಮುಖ ಅರಳಿಬಿಟ್ಟಿತು. ಲೂಪಸ್ ಎಂದರೆ ಯಾರಿಗೆ ಗೊತ್ತು? ಮಲೇರಿಯಾ ಎಂದರೆ ಎಲ್ಲರಿಗೂ ಬರುವಂಥದ್ದು, ಮರ್ಯಾದಸ್ಥ ಕಾಯಿಲೆ. ಸೊಸೆಗೆ ಮಲೇರಿಯಾ ಅಂತೆ ಎಂದು ಅವರು ಊರೆಲ್ಲ ಹೇಳಿಕೊಂಡು ಬಂದರು. ನಮ್ಮ ಯಜಮಾನರಿಗೂ ಅದೇ ಹಿಡಿಸಿತು, ನಾನೂ ಸುಮ್ಮನಿದ್ದೆ. ಬಾಯಿಗೆ ಸಿಕ್ಕವರಿಗೆಲ್ಲ ‘ನನ್ನ ರಕ್ತವೇ ನನಗೆ ಶತ್ರು’ ಎಂದು ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು.

ಸುದ್ದಿ ಮೇಡಂ ಕಿವಿಗೂ ಬಿತ್ತು. ಅವರು ಕಾಂಪೌಂಡಿನ ಆಚೆಯಿಂದಲೇ ಸಿಡಿದರು. “ನನ್ನ ಕಣ್ಣಿಗೆ ಬೀಳದ ಮಲೇರಿಯಾ ಬೆಂಗಳೂರಲ್ಲಿ ಯಾವನ ಕಣ್ಣಿಗೆ ಬಿತ್ತಂತೆ? ಮೂವತ್ತು ವರ್ಷ ಏನು ಕಣ್ಣು ಮುಚ್ಕೊಂಡು ನೋಡಿದೀನಾ ನಾನು?” ಅವತ್ತೇ ನಿಜ ಹೇಳಿಬಿಟ್ಟಿದ್ದರೆ... ಹೇಳಲಿಲ್ಲ. ನಕ್ಕು ಒಳಗೆ ಬಂದೆ.

ಮಾತ್ರೆ ನಿಧಾನವಾಗಿ ಕೆಲಸ ಮಾಡಿತು. ಎರಡು ಮೂರು ತಿಂಗಳಿಗೆ ಕೆನ್ನೆಯ ಕೆಂಪು ಇಳಿಯಿತು, ಬೆರಳು ಮಡಿಸಲು ಆಗತೊಡಗಿತು. ವರ್ಷ ಕಳೆದ ಮೇಲೆ ಮತ್ತೆ ಬಸಿರಾದೆ. ಮನೆಯಲ್ಲಿ ಎಲ್ಲರದೂ ಒಂದೇ ಮಾತು: ಬಸುರಿ ಮಲೇರಿಯಾ ಮಾತ್ರೆ ತಿನ್ನುತ್ತಾಳಾ, ಅದು ಉಷ್ಣ, ಮಗು ನಿಲ್ಲುತ್ತಾ? ಡಾಕ್ಟರ ಮಾತು ನನ್ನ ಕಿವಿಯಲ್ಲೇ ಇತ್ತು. ಆದರೆ ಒಂದು ಮಗು ಕಳೆದುಕೊಂಡವಳ ಹೊಟ್ಟೆಯೊಳಗಿನ ಹೆದರಿಕೆಗೆ ಕಿವಿ ಎಲ್ಲಿರುತ್ತೆ? ನನಗೆ ಮಾತ್ರೆ ಬಿಡಬೇಕಿತ್ತು, ಬಿಡುವುದಕ್ಕೆ ಒಂದು ಕಾಗದ ಬೇಕಿತ್ತು.

ಮೇಡಂ ಹತ್ತಿರ ಹೋಗಿ, ಎರಡು ದಿನದಿಂದ ಜ್ವರ, ಮಲೇರಿಯಾ ಇದೆಯಾ ನೋಡಿ ಎಂದೆ. ಸುಳ್ಳು. ಜ್ವರ ಇರಲಿಲ್ಲ. ಅವರು ಬೆರಳು ಹಿಡಿದು ಚುಚ್ಚಿದರು, ಸ್ಲೈಡು ಮಾಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ‘ನೆಗೆಟಿವ್’ ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದು ಕೊಟ್ಟರು. “ತಗೊಂಡೋಗಿ ತೋರಿಸು ನಿಮ್ಮ ಬೆಂಗಳೂರೋರಿಗೆ” ಎಂದರು. ನಾನು ತೋರಿಸಿದ್ದು ಅತ್ತೆಗೆ ಮತ್ತು ನಮ್ಮ ಯಜಮಾನರಿಗೆ. ಮಲೇರಿಯಾ ಹೋಯಿತಲ್ಲ, ಇನ್ನು ಮಾತ್ರೆ ಯಾಕೆ? ಅತ್ತೆ ಅವತ್ತೇ ಒಬ್ಬಟ್ಟು ಮಾಡಿದರು.

ಮೊದಲ ತಿಂಗಳು ಏನೂ ಆಗಲಿಲ್ಲ. ನಾನೇ ಬುದ್ಧಿವಂತೆ ಎಂದುಕೊಂಡೆ. ಐದನೇ ತಿಂಗಳು ಹಿಡಿಯುವ ಹೊತ್ತಿಗೆ ಕೆನ್ನೆಗೆ ಕೆಂಪು ಮರಳಿ ಬಂತು, ಬಾಚಣಿಗೆ ತುಂಬ ಕೂದಲು, ಕಾಲು ಊದಿಕೊಂಡು ಚಪ್ಪಲಿ ಹಿಡಿಸದು. ಒಂದು ಬೆಳಗ್ಗೆ ಮೂತ್ರದಲ್ಲಿ ನೊರೆ ಕಂಡು, ಬಾಟಲಿಯಲ್ಲಿ ತುಂಬಿಸಿಕೊಂಡು ಮೇಡಂ ಬಾಗಿಲು ತಟ್ಟಿದೆ.

ಅವರು ಸ್ಪಿರಿಟ್ ದೀಪ ಹಚ್ಚಿದರು. ಗಾಜಿನ ಕೊಳವೆಗೆ ಮೂತ್ರ ಹಾಕಿ, ಮೇಲಿನ ಭಾಗವನ್ನು ಮಾತ್ರ ಉರಿಗೆ ಹಿಡಿದರು. ನೋಡನೋಡುತ್ತ ಅದು ಕೋಳಿಮೊಟ್ಟೆಯ ಬಿಳಿ ಬೆಂದ ಹಾಗೆ ಗಟ್ಟಿಯಾಗಿ ಬೆಳ್ಳಗಾಯಿತು. ಏನೋ ಆಮ್ಲ ಎರಡು ಹನಿ ಬಿಟ್ಟರು. ಬಿಳುಪು ಕರಗಲಿಲ್ಲ. ಮೇಡಂ ಮುಖವೂ ಬಿಳುಪೇರಿತು.

“ಕಿಡ್ನಿ ಸೋರ್ತಾ ಐತೆ ಕಣಮ್ಮ. ಇದು ಮಲೇರಿಯಾ ಅಲ್ಲ. ನಿಜ ಹೇಳು, ಬೆಂಗಳೂರಲ್ಲಿ ಏನಂದ್ರು ನಿಂಗೆ?”

ಲೂಪಸ್ ಎಂದೆ. ಯಾವ ಮಾತ್ರೆ ಎಂದರು. ಹೆಸರು ಹೇಳಿದೆ. ಯಾವಾಗ ಬಿಟ್ಟೆ ಎಂದರು. ಆಗ ನನ್ನ ಬಾಯಿಂದ ಬಂದ ಮಾತನ್ನು ನೆನೆಸಿಕೊಂಡರೆ ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ. “ನೀವೇ ತಾನೇ ನೆಗೆಟಿವ್ ಅಂತ ಬರೆದುಕೊಟ್ಟಿದ್ದು? ಅದನ್ನ ನೋಡಿ ಮನೇಲಿ ಬಿಡಿಸಿದ್ರು” ಎಂದೆ.

ಅವರು ಸ್ಟೂಲಿನ ಮೇಲೆ ಕುಸಿದು ಕೂತರು. ಆಮೇಲೆ ದಡಕ್ಕನೆ ಎದ್ದು, ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿಗೆ ಹೋಗಣ, ನಾನೂ ಬರ್ತೀನಿ, ನಿಮ್ಮ ಯಜಮಾನರಿಗೆ ರಜಾ ಹಾಕಿ ಬಾ ಅನ್ನು ಎಂದರು. “ಅದಕ್ಕೆ ಮುಂಚೆ ನಿಂಗೊಂದು ತೋರಿಸಬೇಕು. ಬಾಯಲ್ಲಿ ಹೇಳಿದ್ರೆ ನೀನು ಮತ್ತೆ ಮಾತ್ರೆ ಬಿಡ್ತೀಯ. ನಿನ್ನಂಥೋರು ಕಣ್ಣಲ್ಲಿ ನೋಡಬೇಕು.”

ತೋಳಿನಿಂದ ರಕ್ತ ತೆಗೆದು, ಸಣ್ಣ ಸಣ್ಣ ಗಾಜಿನ ಮಣಿಗಳಿದ್ದ ಶೀಶೆಗೆ ಹಾಕಿ, ಮೆಲ್ಲಗೆ ಅಲ್ಲಾಡಿಸುತ್ತ ಕೂತರು. ಇದು ತೀರಾ ಹಳೆಯ ಪರೀಕ್ಷೆಯಂತೆ, ಟ್ರೈನಿಂಗಿನಲ್ಲಿ ಕಲಿತದ್ದು, ಈಗ ಯಾರೂ ಮಾಡುವುದಿಲ್ಲವಂತೆ. ಮಣಿಗೆ ಬಡಿದು ಕೆಲವು ಕಣಗಳು ಒಡೆಯುತ್ತವೆ, ಒಳಗಿನ ತಿರುಳು ಹೊರಗೆ ಬರುತ್ತದೆ. ಅದನ್ನು ಕಂಡು ನನ್ನ ಬಿಳಿ ರಕ್ತಕಣ ಏನು ಮಾಡುತ್ತದೆ ನೋಡಬೇಕು. ಶೀಶೆಯನ್ನು ಮೈಬಿಸಿಯಷ್ಟೇ ಬಿಸಿಯ ಪೆಟ್ಟಿಗೆಯಲ್ಲಿಟ್ಟು ಕಾದೆವು. ಆ ಎರಡು ಗಂಟೆ ಮೇಡಂ ಗಡಿಯಾರ ನೋಡುತ್ತ ಸ್ಲೈಡು ಒರೆಸುತ್ತಿದ್ದರು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಒಳಗೆ ಮಗು ಒಮ್ಮೆ ಮಿಸುಕಿತು. ಆ ಬಸಿರಲ್ಲಿ ನನಗೆ ಗೊತ್ತಾದ ಮೊದಲ ಮಿಸುಕಾಟ ಅದು. ದೇವರೇ, ಈಗಲೇ ಯಾಕೆ ಮಿಸುಕಿದೆ ಎಂದುಕೊಂಡೆ.

ಬಣ್ಣ ಹಾಕಿ ಒಣಗಿಸಿದ ಸ್ಲೈಡನ್ನು ಅವರು ಆಚೆ ಈಚೆ ಸರಿಸಿ ಸರಿಸಿ ಹುಡುಕಿದರು. ಕೊನೆಗೆ, “ಸಿಕ್ಕಿದ. ಬಾ, ನೋಡು” ಎಂದರು.

ಮೊದಲು ಬರೀ ಬೆಳಕು. ಆಮೇಲೆ ತಿಳಿಗುಲಾಬಿ ಬಿಲ್ಲೆಗಳು ಹರಡಿಕೊಂಡಿದ್ದು ಕಂಡಿತು. ಅವು ಕೆಂಪು ರಕ್ತಕಣಗಳು. ಅವುಗಳ ನಡುವೆ ಒಬ್ಬ ಇದ್ದ. ದಪ್ಪಗೆ ಊದಿಕೊಂಡಿದ್ದ. ಅವನ ಹೊಟ್ಟೆಯ ತುಂಬ ಒಂದು ನುಣ್ಣನೆಯ ನೇರಳೆ ಉಂಡೆ. ಅವನದೇ ತಿರುಳು ಜಾಗ ಸಾಲದೆ ಮೂಲೆಗೆ ಒತ್ತಿಕೊಂಡು, ಕತ್ತರಿಸಿ ಬಿಸಾಡಿದ ಉಗುರಿನಷ್ಟಾಗಿತ್ತು.

“ಅವನು ನಿನ್ನ ಸಿಪಾಯಿ. ನುಂಗಿರೋದು ಏನು ಗೊತ್ತಾ? ನಿನ್ನದೇ ಇನ್ನೊಂದು ಕಣದ ತಿರುಳು. ಆರೋಗ್ಯವಾಗಿರೋರ ರಕ್ತದಲ್ಲಿ ಇವನು ಹಿಂಗೆ ಮಾಡಲ್ಲ.”

ವರ್ಷಗಳಿಂದ ನನ್ನ ಗಂಟುಗಳಲ್ಲಿ ಕೂತು ಕೊರೆದವನು, ನನ್ನ ಮೊದಲ ಮಗುವನ್ನು ತೆಗೆದುಕೊಂಡವನು ಇವನೇ ಏನೋ, ಎದುರಿಗೇ ಇದ್ದ. ಕೋಪ ಬರಬೇಕಿತ್ತು. ಬರಲಿಲ್ಲ. ಎಷ್ಟು ಚೆಂದ ಇದ್ದ! ಇಷ್ಟು ಸಣ್ಣದರೊಳಗೆ ಇಷ್ಟು ದೊಡ್ಡ ಯುದ್ಧವಾ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಲೇ ಇದ್ದೆ. ಕಣ್ಣು ತೆಗೆಯಲು ಮನಸ್ಸೇ ಬರಲಿಲ್ಲ.

ಅಷ್ಟರಲ್ಲಿ ಮೇಡಂ ಹಿತ್ತಲಿನಿಂದ ಕೆಂಪು ದಾಸವಾಳ ಕಿತ್ತು ತಂದು ಬಿಸಿನೀರಿಗೆ ಹಾಕಿದ್ದರು. ನೀರು ಮಂಕು ನೇರಳೆಯಾಯಿತು. ನಿಂಬೆಹಣ್ಣು ಹಿಂಡಿದರು. ಫಕ್ಕನೆ ಕಡುಗೆಂಪು. “ಅವನು ನುಂಗಿದ್ದು ಹೋಗಿ ಬೀಳೋದು ಅವನ ಹೊಟ್ಟೇಲಿರೋ ಇಂಥ ಹುಳಿ ಚೀಲಕ್ಕೆ. ಅಲ್ಲಿ ಅದನ್ನ ಕತ್ತರಿಸ್ತಾನೆ, ಅದರ ಚೂರು ಎತ್ತಿಹಿಡಿದು ಮಿಕ್ಕ ಸಿಪಾಯಿಗಳಿಗೆಲ್ಲ ಇವನೇ ಶತ್ರು ಅಂತ ತೋರಿಸ್ತಾನೆ. ಅಪಾಯ ಬಂತು ಅಂತ ಗಂಟೆ ಹೊಡೆಯೋದೂ ಅಲ್ಲಿಂದಾನೇ. ಹುಳಿ ಇದ್ರೇನೇ ಇದೆಲ್ಲ ನಡೆಯೋದು.” ಆಮೇಲೆ ಅಡುಗೆ ಸೋಡ ಚಿಟಿಕೆ ಚಿಟಿಕೆಯಾಗಿ ಹಾಕುತ್ತ ಹೋದರು. ನೀರು ಬುಸ್ಸೆಂದು ನೊರೆಯೆದ್ದಿತು. ಕೆಂಪು ಮಾಸಿತು, ನೇರಳೆಯಾಯಿತು, ಕೊನೆಗೆ ಹಸಿರಾಗಿ ನಿಂತಿತು. “ನೀನು ಬಿಟ್ಟೆಯಲ್ಲ ಆ ಮಾತ್ರೆ, ಅದು ಮಾಡೋದು ಇಷ್ಟೇ. ಆ ಚೀಲದೊಳಕ್ಕೆ ಹೋಗಿ ಕೂತ್ಕೋತದೆ, ಈಚೆಗೆ ಬರಲ್ಲ, ಹುಳಿ ಮುರೀತದೆ.”

“ಸಿಪಾಯಿ ಸತ್ತೋಗ್ತಾನಾ ಮೇಡಂ?”

“ಏ, ಇಲ್ಲ! ಅದೇ ಅಲ್ವಾ ಸೋಜಿಗ. ಸಾಯಲ್ಲ, ಕೆಲಸಾನೂ ಪೂರ್ತಿ ಬಿಡಲ್ಲ. ಸುಳ್ಳು ಗಂಟೆ ಹೊಡೆಯೋದು ಕಮ್ಮಿ ಮಾಡ್ತಾನೆ. ಮಲೇರಿಯಾ ಹುಳದ ಹೊಟ್ಟೇಲೂ ಇಂಥದ್ದೇ ಹುಳಿ ಚೀಲ ಐತೆ ಕಣಮ್ಮ. ಅಲ್ಲೂ ಈ ಮಾತ್ರೆ ಹೋಗಿ ಕೂರ್ತದೆ. ಆ ಹುಳ ನಮ್ಮ ರಕ್ತ ತಿಂದು, ಅದರಿಂದ ಹುಟ್ಟೋ ವಿಷಾನ ಅರಗಿಸ್ಕೊಳ್ಳಕ್ಕಾಗದೆ ಸಾಯ್ತದೆ. ಒಂದೇ ಮಾತ್ರೆ. ಅಲ್ಲಿ ಶತ್ರೂನ ಕೊಲ್ತು, ಇಲ್ಲಿ ಮನೆಯೋನಿಗೆ ಬುದ್ಧಿ ಹೇಳ್ತು.” ಮೂವತ್ತು ವರ್ಷ ಆ ಮಾತ್ರೆಯನ್ನು ಹಂಚಿದವರು ಅವತ್ತು ಅದನ್ನು ಹೊಸದಾಗಿ ಕಂಡವರಂತೆ ಕೈ ಜೋಡಿಸಿಬಿಟ್ಟರು. ನಾನೂ ಜೋಡಿಸಿದೆ. ಯಾರಿಗೆ ಎಂದು ಕೇಳಿದರೆ ಹೇಳಲಾರೆ.

ಮಾತ್ರೆ ಬಿಟ್ಟ ಮೊದಲ ತಿಂಗಳು ಯಾಕೆ ಏನೂ ಆಗಲಿಲ್ಲ ಎಂಬುದನ್ನೂ ಅವರೇ ಹೇಳಿದರು. ಚೀಲದಲ್ಲಿ ಕೂತದ್ದು ಬೇಗ ಖಾಲಿಯಾಗುವುದಿಲ್ಲ. ಬರುವುದೂ ನಿಧಾನ, ಹೋಗುವುದೂ ನಿಧಾನ. ನನ್ನ ಬುದ್ಧಿವಂತಿಕೆಯನ್ನು ಅಷ್ಟು ದಿನ ಕಾದದ್ದು ನಾನು ಬಿಸಾಡಿದ್ದ ಆ ಮಾತ್ರೆಯೇ.

ಬೆಂಗಳೂರಿನ ಡಾಕ್ಟರು ನೋಡಿದವರೇ ಸೇರಿಸಿಕೊಂಡರು. ಇನ್ನು ಹದಿನೈದು ದಿನ ತಡವಾಗಿದ್ದರೆ ಮಗುವಿನ ಆಸೆ ಬಿಡಬೇಕಿತ್ತು, ಈಗಲೂ ಮಾತು ಕೊಡಲಾರೆ ಎಂದರು. ಬಸುರಿಗೆ ಆಗುವಂಥ ಬೇರೆ ಔಷಧಿ ಶುರುಮಾಡಿದರು, ಜೊತೆಗೆ ಹಳೆಯ ಮಾತ್ರೆ. ಯಾಕೆ ನಿಲ್ಲಿಸಿದಿರಿ ಎಂದು ಅವರು ಗದರಿದಾಗ ಮೇಡಂ ಮುಂದೆ ಬಂದು, “ತಪ್ಪು ನಂದು ಡಾಕ್ಟ್ರೇ, ಕೇಳದೆ ರಿಪೋರ್ಟು ಬರೆದುಕೊಟ್ಟೆ” ಎಂದರು. ನಮ್ಮ ಯಜಮಾನರ ಎದುರಿಗೂ, ಅತ್ತೆಯ ಎದುರಿಗೂ ಅದನ್ನೇ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. ಜ್ವರ ಎಂದು ಸುಳ್ಳು ಹೇಳಿದ್ದು ನಾನು ಎಂದು ಹೇಳಲಿಲ್ಲ.

ಊರಿಗೆ ಮರಳಿದ ಮೇಲೆ ಹುಳಿ ಚೀಲದ ಕತೆ ಅತ್ತೆಯ ಕಿವಿಗೆ ಬಿತ್ತು. ಅವರು ಅದನ್ನು ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡು ನನ್ನ ತಟ್ಟೆಯಿಂದ ಹುಣಸೆ, ನಿಂಬೆ, ಮಾವಿನಕಾಯಿ, ಮಜ್ಜಿಗೆ ಎಲ್ಲವನ್ನೂ ಎತ್ತಿಬಿಟ್ಟರು. ಬಸುರಿ ಹೆಂಗಸು, ಸಪ್ಪೆ ಬೇಳೆಕಟ್ಟು! ನಾಲ್ಕು ದಿನ ತಡೆದುಕೊಂಡು ಐದನೇ ದಿನ ಮೇಡಂ ಮುಂದೆ ಅತ್ತುಬಿಟ್ಟೆ. ಅವರು ಬಂದು ಅತ್ತೆಗೆ, “ಅಯ್ಯೋ ದೇವುಡಾ, ಬಾಯಿ ಹುಳೀನೇ ಬೇರೆ, ಆ ಹುಳೀನೇ ಬೇರೆ ಕಣಮ್ಮ, ಮೊದಲು ಹುಡುಗಿಗೆ ಮಾವಿನಕಾಯಿ ಕೊಡು” ಎಂದು ಬೈದು ಹೋದರು. ಅತ್ತೆ ಉಪ್ಪು ಖಾರ ಹಚ್ಚಿ ಕೊಟ್ಟ ಆ ಹೋಳಿನ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಅಲ್ಲಿಂದ ಹೆರಿಗೆಯವರೆಗೆ ವಾರಕ್ಕೆರಡು ಬೆಳಗ್ಗೆ ಮೇಡಂ ಕೊಳವೆ ಹಿಡಿದು ದೀಪ ಹಚ್ಚುತ್ತಿದ್ದರು. ನಾವಿಬ್ಬರೂ ಅದನ್ನೇ ನೋಡುವುದು. ಬೆಂದ ಮೊಟ್ಟೆಯಂತಿದ್ದದ್ದು ಕೆಲವು ವಾರಕ್ಕೆ ಮಜ್ಜಿಗೆಯಾಯಿತು. ಆಮೇಲೆ ಅಕ್ಕಿ ತೊಳೆದ ನೀರು. ಒಂದು ವಾರ ಮತ್ತೆ ಗಟ್ಟಿಯಾಗಿ ಇಬ್ಬರೂ ಅತ್ತೆವು. ಏಳನೇ ತಿಂಗಳ ಕೊನೆಗೆ ಬರೀ ಒಂದು ಮಬ್ಬು ಉಳಿದಿತ್ತು. ಎಂಟನೇ ತಿಂಗಳಲ್ಲಿ, ಬೆಂಗಳೂರಿನಲ್ಲಿ, ಮಗಳು ಹುಟ್ಟಿದಳು. ಅಂಗೈಯಗಲದ ಕೂಸು. ಆದರೆ ಅತ್ತ ಅಳು ಎಂಥದ್ದು! ಫೋನಿನಲ್ಲಿ ಮೇಡಂಗೆ ಹೇಳಿದೆ. “ಉಗುರು ಕೆಂಪಗಿದಾವಾ?” ಎಂದರು. ಇದ್ದವು.

ಆಮೇಲೆ ನನಗೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು. ಮೇಡಂ ಕಣ್ಣು ಮಂಜಾಗಿ, ಲ್ಯಾಬು ಮುಚ್ಚಿ ಚಿಂತಾಮಣಿಯ ತಂಗಿಯ ಮನೆ ಸೇರಿದರು. ಮಗಳಿಗೆ ಎಂಟು ತುಂಬಿದಾಗ ಅವಳನ್ನು ಕರೆದುಕೊಂಡು ನೋಡಲು ಹೋದೆ. ಮಹಡಿಯ ಮೇಲೆ, ಅಂಬಾಜಿದುರ್ಗದ ಬೆಟ್ಟ ಕಾಣುವ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವತ್ತು ಹೇಗೋ ಧೈರ್ಯ ಬಂತು. “ಮೇಡಂ, ಆ ದಿನ ನಂಗೆ ಜ್ವರ ಇರಲಿಲ್ಲ. ಮಾತ್ರೆ ಬಿಡೋದಕ್ಕೆ ನಿಮ್ಮ ಚೀಟಿ ಬೇಕಿತ್ತು, ಸುಳ್ಳು ಹೇಳಿದೆ. ಇಷ್ಟು ವರ್ಷ ತಪ್ಪು ನಿಮ್ಮ ಮೇಲೆ ಬಿಟ್ಟೆ” ಎಂದೆ.

ಅವರು ನಕ್ಕರು. “ಗೊತ್ತಿತ್ತು ಕಣಮ್ಮ. ಬೆರಳು ಹಿಡಿದೋಳಿಗೆ ಗೊತ್ತಾಗಲ್ವಾ? ನಿನ್ನ ಕೈ ತಣ್ಣಗಿತ್ತು.”

ಮತ್ತೆ ಯಾಕೆ ಬರೆದುಕೊಟ್ಟಿರಿ ಎಂದೆ.

“ಹಟ. ಬೆಂಗಳೂರೋರದು ತಪ್ಪು, ನಂದೇ ಸರಿ ಅಂತ ಕಾಗದದ ಮೇಲೆ ಬರೀಬೇಕಿತ್ತು ನಂಗೆ. ಜ್ವರ ಇಲ್ಲದೋಳು ಜ್ವರ ಅಂತ ಯಾಕೆ ಬಂದ್ಲು, ಯಾವ ಮಾತ್ರೆ ತಿಂತಿದಾಳೆ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು. ಕೇಳಿಲ್ಲ.” ಆಮೇಲೆ ಮಗಳನ್ನು ಹತ್ತಿರ ಕರೆದು, ಅವಳ ಎರಡು ಕೈಯನ್ನೂ ತಮ್ಮ ಕೈಯಲ್ಲಿ ಹಿಡಿದುಕೊಂಡು, “ತಪ್ಪಾಯ್ತು ಕಣಮ್ಮ, ಕ್ಷಮಿಸಿಬಿಡು” ಎಂದರು. ಅವಳಿಗೆ ಏನು ತಿಳಿಯಬೇಕು? ದೊಡ್ಡವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಕಿಸಕ್ಕನೆ ನಕ್ಕು ಓಡಿದಳು.

ಹೋದ ವರ್ಷ ಮೇಡಂ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಲುಪಿತು, ಮುಖ ನೋಡಲಾಗಲಿಲ್ಲ... ಆ ಸಂಕಟ ಇದ್ದೇ ಇದೆ. ಮಗಳಿಗೆ ಈಗ ಹನ್ನೊಂದು. ಅವಳಿನ್ನೂ ಹುಟ್ಟದೆ ಇದ್ದಾಗ ನಾವಿಬ್ಬರು ಅವಳ ಜೀವವನ್ನು ಒಂದು ಚೀಟಿಯ ಮೇಲೆ ಇಟ್ಟಿದ್ದೆವು ಎಂಬುದು ಗೊತ್ತಿದ್ದದ್ದು ಇಬ್ಬರಿಗೇ. ಈಗ ನನಗೊಬ್ಬಳಿಗೆ. ಅವರು ಅವಳ ಕೈ ಹಿಡಿದು ಕೇಳಬೇಕಾದ ಕ್ಷಮೆಯನ್ನು ಕೇಳಿ ಹೋದರು. ಅವಳ ತಾಯಿ ಇನ್ನೂ ಕೇಳಿಲ್ಲ.